ಹೊರಗಿನಿಂದ ಬಂದ ಹುಳುವಿಗೆ ಸರ್ಕಾರದ ದುಡ್ಡು: ಎಲ್ಲಿ ಕೇಳಬೇಕು, ಹೇಗೆ ಕೇಳಬೇಕು

ಮೆಕ್ಕೆಜೋಳದ ಲದ್ದಿ ಹುಳು, ತೆಂಗಿನ ಬಿಳಿ ನೊಣ, ಮೆಣಸಿನ ಹೂವಿನೊಳಗೆ ಕೂರುವ ಕಪ್ಪು ನುಸಿ, ಟೊಮೆಟೊ ಎಲೆಯಲ್ಲಿ ಸುರಂಗ ಕೊರೆಯುವ ಟ್ಯೂಟಾ, ಕೊಡಗು ಹಾಸನದ ತೋಟಗಳಲ್ಲಿ ರಾತ್ರಿ ಎದ್ದು ಬರುವ ಆಫ್ರಿಕನ್ ಬಸವನಹುಳು. ಇವುಗಳಲ್ಲಿ ಒಂದೂ ನಮ್ಮ ನೆಲದ್ದಲ್ಲ. ಬೇರೆ ದೇಶದಿಂದ ಬಂದು, ಇಲ್ಲಿ ತಿನ್ನುವ ಶತ್ರು ಇಲ್ಲದೆ ಬೆಳೆದವು. ಹೀಗೆ ಬಂದ ಪೀಡೆಗೆ ರೈತ ಒಬ್ಬನೇ ಯಾಕೆ ಖರ್ಚು ಮಾಡಬೇಕು, ಸರ್ಕಾರ ಏನೂ ಕೊಡುವುದಿಲ್ಲವಾ ಅಂತ ಕೇಳುವವರು ಬಹಳ ಜನ ಇದ್ದಾರೆ.

ಕೊಡುತ್ತದೆ. ಆದರೆ "ಹೊರಗಿನ ಕೀಟ ನಿಯಂತ್ರಣ ಸಹಾಯಧನ" ಅಂತ ಬೋರ್ಡ್ ಹಾಕಿದ ಕಿಟಕಿ ಯಾವ ಕಚೇರಿಯಲ್ಲೂ ಇಲ್ಲ. ದುಡ್ಡು ಚೂರು ಚೂರಾಗಿ ಬೇರೆ ಬೇರೆ ಯೋಜನೆಯ ಒಳಗೆ ಕೂತಿದೆ. ಔಷಧಿಗೆ ಸ್ವಲ್ಪ ಒಂದು ಕಡೆ, ಯಂತ್ರಕ್ಕೆ ಇನ್ನೊಂದು ಕಡೆ, ಬೆಳೆ ಹೋದರೆ ವಿಮೆಯಲ್ಲಿ, ಊರಿಗೆ ಊರೇ ಹೋದರೆ ಕಂದಾಯ ಇಲಾಖೆಯ ಪರಿಹಾರದಲ್ಲಿ. ಇವನ್ನೆಲ್ಲ ಯಾವ ಕ್ರಮದಲ್ಲಿ ಹಿಡಿಯಬೇಕು ಅಂತ ಇಲ್ಲಿ ಬರೆದಿದ್ದೇನೆ. ಕ್ರಮ ತಪ್ಪಿದರೆ ಅರ್ಹತೆ ಇದ್ದೂ ಕೈಗೆ ಏನೂ ಸಿಗುವುದಿಲ್ಲ. ಉದಾಹರಣೆಗಳು ಕರ್ನಾಟಕದವು, ಜಾಸ್ತಿ ಮೆಕ್ಕೆಜೋಳ ಮತ್ತು ತೆಂಗಿನವು.

ಮೊದಲ ಹೆಜ್ಜೆ: ಯಾವ ಹುಳು ಅಂತ ಕಾಗದದ ಮೇಲೆ ಬರಲಿ

ಲದ್ದಿ ಹುಳುವನ್ನೇ ತೆಗೆದುಕೊಳ್ಳಿ. ಫಾಲ್ ಸೈನಿಕ ಹುಳು ಅನ್ನುವುದೂ ಇದಕ್ಕೇ. ಅಮೆರಿಕ ಖಂಡದ ಕೀಟ. 2016ರಲ್ಲಿ ಆಫ್ರಿಕಾ ತಲುಪಿತು. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದನ್ನು ಮೆಕ್ಕೆಜೋಳದಲ್ಲಿ ಕಂಡರು. ಭಾರತದಲ್ಲಿ ಅದೇ ಮೊದಲು.

ಸುಳಿಯನ್ನು ಬಿಡಿಸಿ ನೋಡಿ. ಒದ್ದೆ ಮರದ ಹೊಟ್ಟಿನಂಥ ಲದ್ದಿ ತುಂಬಿರುತ್ತದೆ. ಅದರ ಕೆಳಗೆ ಹುಳು ಸುರುಳಿ ಸುತ್ತಿಕೊಂಡು ಮಲಗಿರುತ್ತದೆ. ತಲೆಯ ಮೇಲೆ ತಿರುಗಿಸಿಟ್ಟ ವೈ ಅಕ್ಷರದಂಥ ಬಿಳಿ ಗೆರೆ. ಬಾಲದ ಹತ್ತಿರ, ಕೊನೆಯಿಂದ ಎರಡನೇ ಭಾಗದಲ್ಲಿ, ಚೌಕಾಕಾರಕ್ಕೆ ನಾಲ್ಕು ಕಪ್ಪು ಚುಕ್ಕೆ. ಈ ಎರಡು ಗುರುತೂ ಇದ್ದರೆ ಅನುಮಾನ ಬೇಡ. ಎಲೆಗಳಲ್ಲಿ ಸಾಲಾಗಿ ತೂತು ಇದ್ದು ಈ ಗುರುತುಗಳಿಲ್ಲದಿದ್ದರೆ ಅದು ನಮ್ಮ ಹಳೆಯ ಕಾಂಡ ಕೊರಕವೂ ಆಗಿರಬಹುದು.

ಫೋಟೊ ಮೂರು ಬೇಕು: ಬದು ಕಾಣುವ ಹಾಗೆ ಇಡೀ ಹೊಲ, ಹಾನಿಯಾದ ಒಂದು ಗಿಡ, ಹುಳು ಹತ್ತಿರದಿಂದ. ಮೊಬೈಲಿನಲ್ಲಿ ಲೊಕೇಶನ್ ಆನ್ ಮಾಡಿ ತೆಗೆಯಿರಿ. ತಾರೀಖು, ಜಾಗ ಎರಡೂ ಫೋಟೊದಲ್ಲೇ ಬರುವ ಜಿಪಿಎಸ್ ಕ್ಯಾಮೆರಾ ಆಪ್‌ಗಳು ಸುಲಭವಾಗಿ ಸಿಗುತ್ತವೆ.

ಆಮೇಲೆ ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಗೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋರಿಸಿ. ಕೇಂದ್ರ ಸರ್ಕಾರ 2024ರ ಆಗಸ್ಟ್ 15ರಂದು ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆ ಅಂತ ಒಂದು ಆಪ್ ಶುರು ಮಾಡಿದೆ. ಎನ್‌ಪಿಎಸ್‌ಎಸ್ ಅಂತ ಹುಡುಕಿದರೆ ಸಿಗುತ್ತದೆ. ಅದಕ್ಕೂ ಫೋಟೊ ಹಾಕಬಹುದು. ಆದರೆ ಆಪ್ ಕೊಟ್ಟ ಉತ್ತರಕ್ಕಿಂತ ಅಧಿಕಾರಿ ಹೊಲಕ್ಕೆ ಬಂದು ಬರೆದುಕೊಟ್ಟ ಎರಡು ಸಾಲಿಗೆ ಬೆಲೆ ಜಾಸ್ತಿ. "ಸರ್ವೆ ನಂಬರ್ ಇಷ್ಟರಲ್ಲಿ ಇಂಥ ಕೀಟದ ಬಾಧೆ ಇದೆ, ಇಂಥ ಕ್ರಮ ಶಿಫಾರಸು ಮಾಡಿದೆ" ಅಂತ ಭೇಟಿ ಚೀಟಿ ಕೇಳಿ ತೆಗೆದುಕೊಳ್ಳಿ. ಮುಂದೆ ಯಾವ ಅರ್ಜಿ ಹಾಕಿದರೂ ಈ ಚೀಟಿ ಜೊತೆಗಿರಲಿ.

ಊರಲ್ಲಿ ಯಾರೂ ನೋಡದ ಹುಳು ಕಂಡರೆ ಜೀವಂತ ಹಿಡಿದು ಬಸ್ಸಲ್ಲಿ ಒಯ್ಯಬೇಡಿ. ಅದು ದಾರಿಯುದ್ದ ಹರಡಿದರೆ ಪಾಪ ನಿಮ್ಮದೇ. ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಾಕಿದ ಸಣ್ಣ ಬಾಟಲಿಯಲ್ಲಿ ಮುಳುಗಿಸಿ ಒಯ್ಯಿರಿ. ಬೆಂಗಳೂರಿನ ಹೆಬ್ಬಾಳದ ಹತ್ತಿರ ಇರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ, ಅಂದರೆ ಎನ್‌ಬಿಎಐಆರ್, ಇಂಥ ಹೊಸ ಕೀಟಗಳನ್ನು ಗುರುತಿಸುವುದರಲ್ಲಿ ದೇಶಕ್ಕೇ ದೊಡ್ಡ ಜಾಗ. ಕೃಷಿ ವಿಜ್ಞಾನ ಕೇಂದ್ರದವರ ಮೂಲಕ ಕಳಿಸಬಹುದು.

ಎರಡನೇ ಹೆಜ್ಜೆ: ನಿಮ್ಮ ಬೆಳೆ ದಾಖಲೆಯಲ್ಲಿ ಇದೆಯಾ?

ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಿ. ದುಡ್ಡು ಬರದೇ ಇರುವುದಕ್ಕೆ ಹುಳು ಕಾರಣ ಅಲ್ಲ, ಅಧಿಕಾರಿಯೂ ಬಹಳ ಸಲ ಕಾರಣ ಅಲ್ಲ. ದಾಖಲೆ ಹೊಂದಿಕೆಯಾಗದಿರುವುದೇ ಕಾರಣ.

ಕರ್ನಾಟಕದಲ್ಲಿ ಕೃಷಿಯ ಯಾವ ಸಹಾಯಧನಕ್ಕೂ ಫ್ರೂಟ್ಸ್ ತಂತ್ರಾಂಶದ ಗುರುತಿನ ಸಂಖ್ಯೆ ಬೇಕು. ಎಫ್‌ಐಡಿ ಅನ್ನುವುದು ಅದಕ್ಕೇ. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ ಜಾತಿ ಪ್ರಮಾಣಪತ್ರ ತೆಗೆದುಕೊಂಡು ಹೋದರೆ ರೈತ ಸಂಪರ್ಕ ಕೇಂದ್ರದಲ್ಲೇ ಮಾಡಿಕೊಡುತ್ತಾರೆ. ಇದ್ದವರೂ ಒಮ್ಮೆ ತೆರೆಸಿ ನೋಡಿ. ಎಲ್ಲ ಸರ್ವೆ ನಂಬರ್ ಅದರಲ್ಲಿ ಸೇರಿದೆಯಾ? ಮೂರು ಕಡೆ ಜಮೀನಿದ್ದು ಒಂದೇ ನಂಬರ್ ಜೋಡಣೆ ಆಗಿದ್ದರೆ ಪರಿಹಾರವೂ ಅಷ್ಟಕ್ಕೇ ಬರುತ್ತದೆ.

ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೋ ಅಜ್ಜನ ಹೆಸರಲ್ಲೋ ಇದ್ದರೆ ಇಲ್ಲೇ ನಿಂತುಹೋಗುತ್ತದೆ. ಪೌತಿ ಖಾತೆ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು, ಮಾಡಿಸದೆ ಬೇರೆ ದಾರಿ ಇಲ್ಲ. ಜಂಟಿ ಪಹಣಿಯಾದರೆ ನಿಮ್ಮ ಪಾಲು ಎಷ್ಟು ಗುಂಟೆ ಅಂತ ನಮೂದಾಗಿರಬೇಕು. ಹುಳು ಬಂದ ಮೇಲೆ ಇದಕ್ಕೆ ಓಡಾಡಿದರೆ ಆ ಹಂಗಾಮಿಗೆ ಆಗುವುದಿಲ್ಲ. ಬೇಸಿಗೆಯಲ್ಲೇ ಮುಗಿಸಿಕೊಳ್ಳಿ.

ಇನ್ನು ಬೆಳೆ ಸಮೀಕ್ಷೆ. ಪ್ರತಿ ಹಂಗಾಮಿನಲ್ಲೂ ಯಾವ ಸರ್ವೆ ನಂಬರಿನಲ್ಲಿ ಏನು ಬೆಳೆದಿದ್ದೀರಿ ಅಂತ ಫೋಟೊ ಸಮೇತ ದಾಖಲಾಗುತ್ತದೆ. ರೈತರ ಆಪ್‌ನಲ್ಲಿ ನೀವೇ ಮಾಡಬಹುದು. ಮಾಡದಿದ್ದರೆ ಊರಿನ ಖಾಸಗಿ ನಿವಾಸಿ ಅಂತ ನೇಮಕವಾದ ಹುಡುಗರು ಮಾಡುತ್ತಾರೆ. ಅವರು ಬದುವಿನ ಮೇಲೆ ನಿಂತು ಪಕ್ಕದ ಹೊಲದ ಹತ್ತಿ ನೋಡಿ ಹತ್ತಿ ಅಂತ ಒತ್ತಿಬಿಟ್ಟರೆ, ನಿಮ್ಮ ಮೆಕ್ಕೆಜೋಳ ದಾಖಲೆಯಲ್ಲಿ ಇಲ್ಲ. ವಿಮೆ ಮೆಕ್ಕೆಜೋಳಕ್ಕೆ ಕಟ್ಟಿದ್ದೀರಿ, ಸಮೀಕ್ಷೆಯಲ್ಲಿ ಹತ್ತಿ ಇದೆ. ಅರ್ಜಿ ತಿರಸ್ಕಾರ. ಬೆಳೆ ದರ್ಶಕ ಆಪ್‌ನಲ್ಲಿ ನಿಮ್ಮ ನಂಬರ್ ಹಾಕಿ ಏನು ದಾಖಲಾಗಿದೆ ನೋಡಿ. ತಪ್ಪಿದ್ದರೆ ಅದರಲ್ಲೇ ಆಕ್ಷೇಪಣೆ ಹಾಕಲು ಅವಕಾಶ ಇದೆ, ಅದಕ್ಕೆ ಕೊನೇ ದಿನವೂ ಇದೆ. ತೋಟದಲ್ಲಿ ತೆಂಗು, ಅಡಿಕೆ, ಬಾಳೆ ಒಟ್ಟಿಗೆ ಇದ್ದರೆ ಮಿಶ್ರ ಬೆಳೆ ಅಂತ ಮೂರನ್ನೂ ಹಾಕಿಸಿ. ಬರೀ ಅಡಿಕೆ ಅಂತ ಇದ್ದರೆ ತೆಂಗಿನ ಹೆಸರಲ್ಲಿ ಏನನ್ನೂ ಕೇಳಲು ಬರುವುದಿಲ್ಲ.

ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತಲೂ ಬ್ಯಾಂಕಿನಲ್ಲಿ ಕೇಳಿ. ಕೆವೈಸಿ ಬೇರೆ, ಸರ್ಕಾರದ ದುಡ್ಡು ಆಧಾರ್ ಮೂಲಕ ಬರಲು ಮಾಡಿಸುವ ಎನ್‌ಪಿಸಿಐ ಜೋಡಣೆ ಬೇರೆ. ದುಡ್ಡು ಬರುವುದು ಎರಡನೆಯದು ಆಗಿರುವ ಖಾತೆಗೆ.

ಮೂರನೇ ಹೆಜ್ಜೆ: ಸರಿಯಾದ ಬಾಗಿಲು

ಯಾವ ಕಚೇರಿಗೆ ಹೋಗಬೇಕು ಅನ್ನುವುದನ್ನು ಹುಳು ತೀರ್ಮಾನಿಸುವುದಿಲ್ಲ, ಬೆಳೆ ತೀರ್ಮಾನಿಸುತ್ತದೆ. ಮೆಕ್ಕೆಜೋಳ, ಭತ್ತ, ಜೋಳ, ಹತ್ತಿ, ತೊಗರಿ ಇವೆಲ್ಲ ಕೃಷಿ ಇಲಾಖೆ. ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರ, ಅದರ ಮೇಲೆ ತಾಲೂಕಿನ ಸಹಾಯಕ ಕೃಷಿ ನಿರ್ದೇಶಕರು. ತೆಂಗು, ಅಡಿಕೆ, ಟೊಮೆಟೊ, ಮೆಣಸಿನಕಾಯಿ, ದಾಳಿಂಬೆ, ಪಪ್ಪಾಯಿ ತೋಟಗಾರಿಕೆ ಇಲಾಖೆ. ಬ್ಯಾಡಗಿ ಮೆಣಸಿನಕಾಯಿಗೆ ರೈತ ಸಂಪರ್ಕ ಕೇಂದ್ರದ ಮುಂದೆ ಸಾಲು ನಿಂತು ವಾಪಸ್ ಬರುವವರು ಇರುತ್ತಾರೆ, ಸುಮ್ನೆ ಒಂದು ದಿನ ಹೋಯಿತು. ಹಿಪ್ಪುನೇರಳೆ ರೇಷ್ಮೆ ಇಲಾಖೆಯದು. ಕಾಫಿ ಕಾಫಿ ಮಂಡಳಿಯದು, ಅದು ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗೆ ಬರುತ್ತದೆ.

ನಾಲ್ಕನೇ ಹೆಜ್ಜೆ: ಔಷಧಿ, ಬಲೆ, ಸ್ಪ್ರೇಯರ್

ಎಲ್ಲರೂ ಮೊದಲು ಕೇಳುವುದು ಇದನ್ನೇ. ಇಲ್ಲಿ ಸಿಗುವ ದುಡ್ಡು ಸಣ್ಣದು, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ.

ಕೇಂದ್ರದ ಆಹಾರ ಭದ್ರತಾ ಮಿಷನ್‌ನಲ್ಲಿ ಕೀಟನಾಶಕ, ಜೈವಿಕ ಕೀಟನಾಶಕಗಳಿಗೆ ಬೆಲೆಯ ಅರ್ಧ, ಹೆಕ್ಟೇರಿಗೆ ಜಾಸ್ತಿ ಅಂದರೆ ₹500 ಅಂತ ಬಹಳ ವರ್ಷ ನಡೆದುಬಂತು. ಹೆಕ್ಟೇರ್ ಅಂದರೆ ಎರಡೂವರೆ ಎಕರೆ. ಅಲ್ಲಿಗೆ ಎಕರೆಗೆ ₹200. ಮೂರು ಎಕರೆ ಮೆಕ್ಕೆಜೋಳ ಇದ್ದರೆ ಸುಮಾರು ₹600 ಬೆಂಬಲ. ತೋಟಗಾರಿಕೆಯ ಸಮಗ್ರ ಅಭಿವೃದ್ಧಿ ಮಿಷನ್‌ನಲ್ಲಿ ಸಮಗ್ರ ಕೀಟ ಮತ್ತು ಪೋಷಕಾಂಶ ನಿರ್ವಹಣೆಗೆ 2014ರ ಮಾರ್ಗಸೂಚಿ ಪ್ರಕಾರ ಹೆಕ್ಟೇರಿಗೆ ₹1,200, ಒಬ್ಬರಿಗೆ 4 ಹೆಕ್ಟೇರ್‌ವರೆಗೆ ಅಂತ ಇತ್ತು. 2025ರಲ್ಲಿ ಆ ಮಾರ್ಗಸೂಚಿ ಪರಿಷ್ಕರಣೆ ಆಗಿದೆ. ಹಾಗಾಗಿ ಈ ವರ್ಷದ ದರ ಎಷ್ಟು ಅಂತ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ.

ರಾಜ್ಯದ ಸಸ್ಯ ಸಂರಕ್ಷಣೆ ಯೋಜನೆಯಲ್ಲಿ ರೈತ ಸಂಪರ್ಕ ಕೇಂದ್ರದಲ್ಲೇ ರಿಯಾಯಿತಿ ದರಕ್ಕೆ ಔಷಧಿ ಸಿಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಿಯಾಯಿತಿ ಹೆಚ್ಚು. ಎಫ್‌ಐಡಿ ಹೇಳಿದರೆ ಇಲಾಖೆಯ ತಂತ್ರಾಂಶವಾದ ಕೆ-ಕಿಸಾನ್‌ನಲ್ಲಿ ನಿಮ್ಮ ಹೆಸರು ಬರುತ್ತದೆ, ನಿಮ್ಮ ಪಾಲಿನ ದುಡ್ಡು ಮಾತ್ರ ಕಟ್ಟಿ ತರಬಹುದು. ಕೇಳುವಾಗ "ಹುಳಕ್ಕೆ ಏನಾದ್ರೂ ಕೊಡಿ" ಅನ್ನಬೇಡಿ. ಹೆಸರು ಹಿಡಿದು ಕೇಳಿ. ಲದ್ದಿ ಹುಳುವಿಗೆ ಸರ್ಕಾರಿ ಶಿಫಾರಸಿನಲ್ಲಿ ಇರುವುದು ಇವು: ಮೊಟ್ಟೆ, ಸಣ್ಣ ಮರಿ ಇದ್ದಾಗ ಬೇವಿನ ಔಷಧಿ, 1,500 ಪಿಪಿಎಂನದು, ಲೀಟರ್ ನೀರಿಗೆ 5 ಎಂಎಲ್. ಹುಳು ದೊಡ್ಡದಾಗುತ್ತಿದ್ದರೆ ಎಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ, ಲೀಟರಿಗೆ 0.4 ಗ್ರಾಂ. ಎಕರೆಗೆ 200 ಲೀಟರ್ ನೀರು ಲೆಕ್ಕ ಹಾಕಿದರೆ 80 ಗ್ರಾಂ. ಗಂಡು ಚಿಟ್ಟೆ ಹಿಡಿಯಲು ಮೋಹಕ ಬಲೆ, ನಿಗಾ ಇಡುವುದಕ್ಕಾದರೆ ಎಕರೆಗೆ 5, ಸಾಮೂಹಿಕವಾಗಿ ಹಿಡಿಯುವುದಕ್ಕಾದರೆ 15. ಸ್ಪ್ರೇಯರ್ ಮೂತಿ ಸುಳಿಯ ಒಳಗೇ ಇರಬೇಕು. ಎಲೆ ಮೇಲೆ ಹೊಡೆದದ್ದು ಹುಳುವಿಗೆ ತಾಕುವುದೇ ಇಲ್ಲ.

ಹುಳು ಬಲಿತು ಸುಳಿಯೊಳಗೆ ಅಡಗಿ ಕೂತಿದ್ದರೆ ವಿಷ ಪಾಷಾಣ ಒಂದೇ. 10 ಕೆಜಿ ಅಕ್ಕಿ ತೌಡು, 2 ಕೆಜಿ ಬೆಲ್ಲ, ಎರಡು ಮೂರು ಲೀಟರ್ ನೀರು ಕಲಸಿ ಒಂದು ದಿನ ಹುಳಿ ಬರಿಸಬೇಕು. ಹಾಕುವ ಅರ್ಧ ಗಂಟೆ ಮೊದಲು 100 ಗ್ರಾಂ ಥಯೋಡಿಕಾರ್ಬ್ ಸೇರಿಸಿ, ಗ್ಲೌಸ್ ಹಾಕಿಕೊಂಡು, ಚಿಟಿಕೆ ಚಿಟಿಕೆಯಾಗಿ ಸುಳಿಗೆ ಉದುರಿಸಬೇಕು. ತೌಡು, ಬೆಲ್ಲದ ವಾಸನೆಗೆ ದನ, ಕೋಳಿ ಬರುತ್ತವೆ. ಬಕೆಟ್ ಕೊಟ್ಟಿಗೆ ಹತ್ತಿರ ಇಡಬೇಡಿ.

ಸ್ಪ್ರೇಯರಿಗೆ ಬೇರೆ ಯೋಜನೆ, ಕೃಷಿ ಯಾಂತ್ರೀಕರಣ. ಕರ್ನಾಟಕದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಶೇ 90 ಸಹಾಯಧನ. ಎಕರೆಗೆ ₹200ರ ಔಷಧಿ ರಿಯಾಯಿತಿಗಿಂತ ಇದು ಎಷ್ಟೋ ಉಪಯೋಗ, ವರ್ಷಗಟ್ಟಲೆ ಬಾಳುವ ಸಾಮಾನು ಅಲ್ವಾ.

ಮೊದಲು ಅಂಗಡಿಯಲ್ಲಿ ಕೊಂಡು ಆಮೇಲೆ ಬಿಲ್ ಹಿಡಿದು ಕಚೇರಿಗೆ ಹೋದರೆ ಸಾಮಾನ್ಯವಾಗಿ ಕೆಲಸ ಆಗುವುದಿಲ್ಲ. ಯಂತ್ರಕ್ಕಂತೂ ಮೊದಲು ಅರ್ಜಿ, ಆಮೇಲೆ ಮಂಜೂರಾತಿ, ಆಮೇಲೆ ಖರೀದಿ. ತೋಟಗಾರಿಕೆಯಲ್ಲಿ ಬಿಲ್ ಮೇಲೆ ಸಹಾಯಧನ ಬರುವ ಕಡೆ ಬಿಲ್ಲಿನಲ್ಲಿ ನಿಮ್ಮ ಹೆಸರು, ಅಂಗಡಿಯ ಪರವಾನಗಿ ಸಂಖ್ಯೆ, ಜಿಎಸ್‌ಟಿ, ಔಷಧಿಯ ಬ್ಯಾಚ್ ನಂಬರ್ ಎಲ್ಲ ಇರಬೇಕು. ಬಿಳಿ ಹಾಳೆಯ ಚೀಟಿ ನಡೆಯುವುದಿಲ್ಲ. ಇನ್ನೊಂದು, ಅನುದಾನ ಏಪ್ರಿಲ್‌ನಿಂದ ಮಾರ್ಚ್ ಲೆಕ್ಕ. ಮುಂಗಾರಿನ ಹೊತ್ತಿಗೆ ಅರ್ಜಿ ಕೊಟ್ಟವರ ಹೆಸರು ಪಟ್ಟಿಯಲ್ಲಿ ಇರುತ್ತದೆ. ಜನವರಿಯಲ್ಲಿ ಹೋದರೆ "ಗುರಿ ಮುಗಿದಿದೆ" ಅನ್ನುವ ಉತ್ತರ ಸಿಗುವ ಸಾಧ್ಯತೆಯೇ ಜಾಸ್ತಿ.

ತೆಂಗಿಗೆ ಮಾತ್ರ ಈ ಹೆಜ್ಜೆ ಬೇರೆ

ತೆಂಗಿನ ಸುರುಳಿ ಬಿಳಿ ನೊಣ 2016ರಲ್ಲಿ ಪೊಳ್ಳಾಚಿ, ಪಾಲಕ್ಕಾಡ್ ಕಡೆ ಮೊದಲು ಕಂಡು ನಮ್ಮ ಕರಾವಳಿ, ತುಮಕೂರು, ಹಾಸನದ ತನಕ ಬಂತು. ಗರಿಯ ಅಡಿಭಾಗದಲ್ಲಿ ಬೆರಳಿನಿಂದ ಸುತ್ತಿ ಬರೆದ ಹಾಗೆ ಬಿಳಿ ಮೇಣದ ಸುರುಳಿಗಳು. ಅದು ಸುರಿಸುವ ಅಂಟಿನ ಮೇಲೆ ಕೆಳಗಿನ ಗರಿ, ಬಾಳೆ ಎಲೆ, ಅಡಿಕೆ ಎಲ್ಲ ಕಾಡಿಗೆ ಬಳಿದ ಹಾಗೆ ಕಪ್ಪಾಗುತ್ತದೆ. ನೋಡಿದವರಿಗೆ ಮರವೇ ಹೋಯಿತು ಅನ್ನಿಸುತ್ತದೆ.

ಇಲ್ಲಿ ಸಬ್ಸಿಡಿಯಲ್ಲಿ ಸಿಗುತ್ತದೆ ಅಂತ ಕೀಟನಾಶಕ ಹೊಡೆದರೆ ನಷ್ಟ ನಿಮಗೇ. ಎನ್ಕಾರ್ಸಿಯ ಅನ್ನುವ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜ ಈ ನೊಣದ ಮರಿಗಳ ಒಳಗೆ ಮೊಟ್ಟೆ ಇಟ್ಟು ಕೊಲ್ಲುತ್ತದೆ. ಔಷಧಿಗೆ ಮೊದಲು ಸಾಯುವುದು ಆ ಕಣಜ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಸಲಹೆಯೂ ರಾಸಾಯನಿಕ ಬೇಡ, ಕಣಜ ಉಳಿಸಿ ಅಂತಲೇ. ಕಪ್ಪು ಬೂಷ್ಟಿಗೆ ಶೇ 1ರ ಗಂಜಿ ನೀರು ಸಿಂಪಡಿಸಿದರೆ ಒಣಗಿ ಪದರವಾಗಿ ಉದುರುತ್ತದೆ. ಅದಕ್ಕೆ ಯಾವ ಇಲಾಖೆಯ ಮಂಜೂರಾತಿಯೂ ಬೇಡ.

ಹಾಗಾದರೆ ಕಚೇರಿಯಲ್ಲಿ ಕೇಳುವುದೇನು? ಜೈವಿಕ ನಿಯಂತ್ರಣ. ತೆಂಗಿನ ಜಿಲ್ಲೆಗಳಲ್ಲಿ ತೋಟಗಾರಿಕೆ ಇಲಾಖೆಯ ಪರೋಪಜೀವಿ ಪ್ರಯೋಗಾಲಯಗಳಿವೆ, ಕಪ್ಪು ತಲೆ ಹುಳುವಿಗೆ ಕಣಜ ಸಾಕಿ ಕೊಡುವ ಕೆಲಸ ಅವು ಮೊದಲಿನಿಂದ ಮಾಡುತ್ತಿವೆ. ಬಿಳಿ ನೊಣಕ್ಕೆ ಎನ್‌ಬಿಎಐಆರ್ ಒಂದು ಶಿಲೀಂಧ್ರ ಗುರುತಿಸಿದೆ, ಹೆಸರು ಇಸಾರಿಯ ಫ್ಯೂಮೊಸೊರೋಸಿಯ. ಇದನ್ನು ಊರಿಗೆ ತರಿಸಿಕೊಡಿ, ಹೇಗೆ ಬೆಳೆಸಿ ಹೊಡೆಯಬೇಕು ಅಂತ ತರಬೇತಿ ಕೊಡಿ ಅಂತ ಹತ್ತಾರು ರೈತರು ಸೇರಿ ಬರೆದುಕೊಡಿ. ಒಬ್ಬರ ತೋಟಕ್ಕೆ ಮಾಡಿದರೆ ಪಕ್ಕದ ತೋಟದಿಂದ ನೊಣ ವಾಪಸ್ ಬರುತ್ತದೆ.

ಹೊರಗಿನ ಕೀಟಕ್ಕೆ ಸರ್ಕಾರ ಮಾಡಿದ ಖರ್ಚಿನಲ್ಲಿ ರೈತನಿಗೆ ಅತಿ ಹೆಚ್ಚು ಉಪಯೋಗ ಆಗಿದ್ದು ಈ ಬಾಬ್ತಿನಲ್ಲೇ ಅಂತ ನನಗೆ ಅನ್ನಿಸುತ್ತದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿ ಹಿಟ್ಟು ತಿಗಣೆ ಕಾಣಿಸಿ, ಪಪ್ಪಾಯಿ, ಹಿಪ್ಪುನೇರಳೆ ಎರಡನ್ನೂ ಹಾಳು ಮಾಡಿತು. 2010ರಲ್ಲಿ ಪೋರ್ಟೊರಿಕೊದಿಂದ ಕಣಜ ತರಿಸಿ, ಬೆಂಗಳೂರಿನಲ್ಲಿ ಬೆಳೆಸಿ ತೋಟಗಳಿಗೆ ಬಿಟ್ಟರು. ತಿಗಣೆ ಹತೋಟಿಗೆ ಬಂತು. ಯಾವ ರೈತನ ಖಾತೆಗೂ ಒಂದು ಪೈಸೆ ಬರಲಿಲ್ಲ, ಆದರೆ ಔಷಧಿಯ ಖರ್ಚು ಉಳಿಯಿತು.

ತೆಂಗಿನ ಮರಕ್ಕೆ ವಿಮೆಯೂ ಇದೆ. ತೆಂಗು ಅಭಿವೃದ್ಧಿ ಮಂಡಳಿಯ ಯೋಜನೆ. 4ರಿಂದ 15 ವರ್ಷದ ಮರಕ್ಕೆ ₹9 ಕಂತು, ₹900 ವಿಮೆ. 16ರಿಂದ 60 ವರ್ಷದ ಮರಕ್ಕೆ ₹14 ಕಂತು, ₹1,750 ವಿಮೆ. ಕಂತಿನ ಅರ್ಧ ಮಂಡಳಿ, ಕಾಲು ಭಾಗ ರಾಜ್ಯ, ಉಳಿದ ಕಾಲು ಭಾಗ ರೈತ ಅನ್ನುವ ಲೆಕ್ಕದಲ್ಲಿ ರೂಪಿಸಿದ್ದು ಇದು. ಆದರೆ ಮರ ಸತ್ತರೆ ಅಥವಾ ಪೂರ್ತಿ ಕೆಲಸಕ್ಕೆ ಬಾರದಂತಾದರೆ ಮಾತ್ರ ದುಡ್ಡು. ಬಿಳಿ ನೊಣ ಇಳುವರಿ ತಿನ್ನುತ್ತದೆ, ಮರ ಕೊಲ್ಲುವುದಿಲ್ಲ. ಅದನ್ನೇ ನಂಬಿ ಈ ವಿಮೆ ಮಾಡಿಸಬೇಡಿ.

ಐದನೇ ಹೆಜ್ಜೆ: ಗುಂಪು ಕಟ್ಟಿದರೆ ಸಿಗುವುದು

ಒಬ್ಬೊಬ್ಬರಿಗೆ ₹600 ಸಿಗುವ ಕಡೆ ಗುಂಪಿಗೆ ಲಕ್ಷಗಳ ಲೆಕ್ಕ. ಕೇಂದ್ರದ ಯಾಂತ್ರೀಕರಣ ಉಪ ಅಭಿಯಾನದಲ್ಲಿ ಡ್ರೋನ್‌ಗೆ ಸಣ್ಣ, ಅತಿ ಸಣ್ಣ, ಮಹಿಳಾ, ಪರಿಶಿಷ್ಟ ರೈತರಿಗೆ ಶೇ 50, ₹5 ಲಕ್ಷದವರೆಗೆ. ಉಳಿದವರಿಗೆ ಶೇ 40, ₹4 ಲಕ್ಷದವರೆಗೆ. ಮಹಿಳಾ ಸ್ವಸಹಾಯ ಸಂಘಗಳಿಗೆ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಶೇ 80, ₹8 ಲಕ್ಷದವರೆಗೆ. ಆಳೆತ್ತರ ಬೆಳೆದ ಮೆಕ್ಕೆಜೋಳದಲ್ಲಿ ಬೆನ್ನಿಗೆ ಟ್ಯಾಂಕ್ ಕಟ್ಟಿಕೊಂಡು ನಡೆಯುವುದು ಕಷ್ಟ, ಅಲ್ಲಿ ಡ್ರೋನ್ ಕೆಲಸ ಮಾಡುತ್ತದೆ. ಪೈಲಟ್ ಪ್ರಮಾಣಪತ್ರ ಬೇಕು, ಡ್ರೋನ್‌ನಲ್ಲಿ ಹೊಡೆಯಲು ಅನುಮತಿ ಇರುವ ಔಷಧಿಯೇ ಬೇಕು. ಸ್ವಂತಕ್ಕೆ ಕೊಳ್ಳುವುದಕ್ಕಿಂತ ನಿಮ್ಮ ಹೋಬಳಿಯ ಕೃಷಿ ಯಂತ್ರ ಬಾಡಿಗೆ ಕೇಂದ್ರದಿಂದ ತರಿಸುವುದೇ ಬಹಳ ಜನಕ್ಕೆ ಲಾಭ.

ರೈತ ಉತ್ಪಾದಕ ಕಂಪನಿ ಅಥವಾ ಸಹಕಾರ ಸಂಘ ಸ್ವಂತ ಜೈವಿಕ ಕೀಟನಾಶಕ ಘಟಕ ಮಾಡಬೇಕು ಅಂತಿದ್ದರೆ ಕೃಷಿ ಮೂಲಸೌಕರ್ಯ ನಿಧಿ ನೋಡಿ. 2020ರಲ್ಲಿ ಶುರುವಾಗಿದ್ದು. ₹2 ಕೋಟಿವರೆಗಿನ ಸಾಲಕ್ಕೆ ಶೇ 3 ಬಡ್ಡಿ ರಿಯಾಯಿತಿ, ಏಳು ವರ್ಷದವರೆಗೆ. ಇದು ಅನುದಾನ ಅಲ್ಲ, ಸಾಲ. ತೀರಿಸುವ ಲೆಕ್ಕ ಇಲ್ಲದೆ ಕೈಹಾಕಬೇಡಿ.

ಆರನೇ ಹೆಜ್ಜೆ: ಬೆಳೆ ವಿಮೆ

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಕೀಟ ಬಾಧೆ ಸೇರಿದೆ. ಮುಂಗಾರಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5 ನಿಮ್ಮ ಕಂತು. ಕರ್ನಾಟಕದಲ್ಲಿ ಸಂರಕ್ಷಣೆ ಪೋರ್ಟಲ್ ಮೂಲಕ ನೋಂದಣಿ. ನಿಮ್ಮ ಊರಿಗೆ, ನಿಮ್ಮ ಬೆಳೆಗೆ ಅಧಿಸೂಚನೆ ಆಗಿದೆಯಾ, ಕೊನೇ ದಿನ ಯಾವುದು ಅಂತ ಅಲ್ಲೇ ನೋಡಬಹುದು.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಇದೆ. 72 ಗಂಟೆಯೊಳಗೆ ದೂರು ಕೊಟ್ಟರೆ ಹುಳು ತಿಂದದ್ದಕ್ಕೂ ದುಡ್ಡು ಬರುತ್ತದೆ ಅಂತ. ಬರುವುದಿಲ್ಲ. 72 ಗಂಟೆಯ ನಿಯಮ ಆಲಿಕಲ್ಲು, ಭೂಕುಸಿತ, ಜಲಾವೃತ, ಮೇಘಸ್ಫೋಟ, ಸಿಡಿಲಿನಿಂದ ಬಿದ್ದ ಬೆಂಕಿ ಇಂಥ ಒಬ್ಬರ ಹೊಲದ ಹಾನಿಗೆ. ಕೀಟದ ಲೆಕ್ಕ ಇಡೀ ಗ್ರಾಮ ಪಂಚಾಯಿತಿ ಅಥವಾ ಹೋಬಳಿಯದು. ಬೆಳೆ ಕಟಾವು ಪ್ರಯೋಗ ಮಾಡಿ, ಇಳುವರಿ ನಿಗದಿತ ಮಟ್ಟಕ್ಕಿಂತ ಕಡಿಮೆ ಬಂದರೆ ಆ ಘಟಕದ ಎಲ್ಲ ವಿಮೆದಾರರಿಗೂ ಪರಿಹಾರ. ನಿಗದಿತ ಮಟ್ಟ ಅಂದರೆ ಹಿಂದಿನ ಏಳು ವರ್ಷದಲ್ಲಿ ಒಳ್ಳೆ ಇಳುವರಿ ಬಂದ ಐದು ವರ್ಷದ ಸರಾಸರಿಗೆ, ಶೇ 70, 80 ಅಥವಾ 90 ಅಂತ ಗೊತ್ತು ಮಾಡಿದ ಪ್ರಮಾಣ. ನಿಮ್ಮ ಹೊಲ ಪೂರ್ತಿ ಹೋಗಿ ಪಂಚಾಯಿತಿಯ ಉಳಿದವರದ್ದು ಚೆನ್ನಾಗಿದ್ದರೆ ಏನೂ ಬರುವುದಿಲ್ಲ. ಇದು ಅನ್ಯಾಯ ಅನ್ನಿಸಬಹುದು, ಆದರೆ ನಿಯಮ ಹೀಗಿದೆ.

ಹಾಗಾಗಿ ಗಮನ ಇಡಬೇಕಾದದ್ದು ಆ ಕಟಾವು ಪ್ರಯೋಗದ ಮೇಲೆ. ಪಂಚಾಯಿತಿಗೆ ಒಂದು ಮುಖ್ಯ ಬೆಳೆಗೆ ನಾಲ್ಕು ಪ್ರಯೋಗ. ಸರ್ವೆ ನಂಬರ್ ಯಾದೃಚ್ಛಿಕವಾಗಿ ಆಯ್ಕೆ ಆಗಿರುತ್ತದೆ. ಯಾವ ನಂಬರ್ ಅಂತ ಗ್ರಾಮ ಆಡಳಿತಾಧಿಕಾರಿ ಅಥವಾ ಕೃಷಿ ಸಹಾಯಕರನ್ನು ಮುಂಚೆಯೇ ಕೇಳಿ. ಆ ದಿನ ಊರಿನ ನಾಲ್ಕೈದು ಜನ ಹೊಲದಲ್ಲಿ ನಿಲ್ಲಿ. ಅಳತೆ ಮಾಡಿದ ಜಾಗದಲ್ಲೇ ಕಟಾವು ಆಯಿತಾ, ತೂಕ ಎಷ್ಟು ಬಂತು, ಆಪ್‌ಗೆ ಅದೇ ತೂಕ ಹೋಯಿತಾ ನೋಡಿ. ಜಗಳ ಬೇಡ, ಫೋಟೊ ಸಾಕು.

ಅಡಿಕೆ, ಕಾಳುಮೆಣಸಿನವರಿಗೆ ಇನ್ನೊಂದು ಮಾತು. ನಿಮ್ಮದು ಹವಾಮಾನ ಆಧಾರಿತ ವಿಮೆ. ಮಳೆ, ಉಷ್ಣಾಂಶದಂಥ ಹವಾಮಾನದ ಲೆಕ್ಕ ಅಷ್ಟೇ. ಹುಳು ಎಷ್ಟು ತಿಂದರೂ ಅದು ನೋಡುವುದಿಲ್ಲ.

ಏಳನೇ ಹೆಜ್ಜೆ: ಊರಿಗೆ ಊರೇ ಹೋದಾಗ

ಕೇಂದ್ರದ ವಿಪತ್ತು ಪಟ್ಟಿಯಲ್ಲಿ ಬರ, ನೆರೆ, ಆಲಿಕಲ್ಲಿನ ಜೊತೆ ಕೀಟ ದಾಳಿಯೂ ಇದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಬೆಳೆ ಹಾನಿ ಶೇ 33 ದಾಟಿದ್ದರೆ ರಾಜ್ಯ ವಿಪತ್ತು ಪರಿಹಾರ ನಿಧಿಯಿಂದ ಬೀಜ, ಗೊಬ್ಬರದಂಥ ಖರ್ಚಿನ ನೆರವು, ಅಂದರೆ ಇನ್‌ಪುಟ್ ಸಬ್ಸಿಡಿ ಕೊಡಲು ಅವಕಾಶ ಇದೆ. 2022ರಿಂದ 2026ರ ಮಾರ್ಚ್‌ವರೆಗಿನ ದರ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ ₹8,500, ನೀರಾವರಿಗೆ ₹17,000, ಬಹುವಾರ್ಷಿಕ ಬೆಳೆಗೆ ₹22,500. ಒಬ್ಬರಿಗೆ 2 ಹೆಕ್ಟೇರ್ ಮಿತಿ. ಮೂರು ಎಕರೆ ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಲೆಕ್ಕ ಹಾಕಿದರೆ ಸುಮಾರು ₹10,300. ಔಷಧಿಯ ₹600 ಎಲ್ಲಿ, ಇದು ಎಲ್ಲಿ. ಕೆಲವು ಸಲ ರಾಜ್ಯವೂ ತನ್ನ ಕಡೆಯಿಂದ ಸೇರಿಸುತ್ತದೆ. 2025ರ ಅತಿವೃಷ್ಟಿಯಲ್ಲಿ ಹೆಕ್ಟೇರಿಗೆ ₹8,500 ಸೇರಿಸಿತ್ತು.

ಆದರೆ ತಾನಾಗಿ ಯಾರೂ ಬಂದು ಕೊಡುವುದಿಲ್ಲ. ನೆರೆ ಬಂದರೆ ಟಿವಿಯಲ್ಲಿ ಕಾಣುತ್ತದೆ, ಹುಳು ಸುಳಿಯೊಳಗೆ ಇರುತ್ತದೆ. ಆದ್ದರಿಂದ ಊರಿನವರು ಒಟ್ಟಾಗಿ ಬರೆಯಬೇಕು. ಗ್ರಾಮ ಪಂಚಾಯಿತಿಯಲ್ಲಿ ನಿರ್ಣಯ ಮಾಡಿಸಿ, ನಡಾವಳಿಯ ಪ್ರತಿ ತೆಗೆದುಕೊಳ್ಳಿ. ಅರ್ಜಿ ತಹಶೀಲ್ದಾರರಿಗೆ, ಪ್ರತಿ ಸಹಾಯಕ ಕೃಷಿ ನಿರ್ದೇಶಕರಿಗೆ. ಹೀಗೆ ಬರೆದರೆ ಸಾಕು:

"ಮಾನ್ಯರೇ, ____ ಗ್ರಾಮದ ಈ ಕೆಳಗೆ ಸಹಿ ಮಾಡಿದ ರೈತರಾದ ನಾವು ಈ ಮುಂಗಾರಿನಲ್ಲಿ ಮೆಕ್ಕೆಜೋಳ ಬಿತ್ತನೆ ಮಾಡಿರುತ್ತೇವೆ. ದಿನಾಂಕ ____ ರಿಂದ ಫಾಲ್ ಸೈನಿಕ ಹುಳುವಿನ ಬಾಧೆ ಕಂಡುಬಂದಿದ್ದು, ಕೃಷಿ ಅಧಿಕಾರಿಗಳು ದಿನಾಂಕ ____ ರಂದು ಪರಿಶೀಲಿಸಿರುತ್ತಾರೆ. ಶಿಫಾರಸಿನಂತೆ ಔಷಧಿ ಸಿಂಪಡಿಸಿದರೂ ಬೆಳೆ ಶೇ 33ಕ್ಕಿಂತ ಹೆಚ್ಚು ಹಾನಿಯಾಗಿದೆ. ಕಂದಾಯ ಮತ್ತು ಕೃಷಿ ಇಲಾಖೆಯಿಂದ ಜಂಟಿ ಸಮೀಕ್ಷೆ ನಡೆಸಿ, ಕೀಟ ದಾಳಿಯಡಿ ಇನ್‌ಪುಟ್ ಸಬ್ಸಿಡಿಗೆ ಪ್ರಸ್ತಾವನೆ ಸಲ್ಲಿಸಬೇಕೆಂದು ಕೋರುತ್ತೇವೆ. ಲಗತ್ತು: ಸರ್ವೆ ನಂಬರ್ ಮತ್ತು ಎಫ್‌ಐಡಿ ಪಟ್ಟಿ, ಭೇಟಿ ಚೀಟಿ, ಫೋಟೊಗಳು, ಗ್ರಾಮ ಪಂಚಾಯಿತಿ ನಡಾವಳಿ."

"ಜಂಟಿ ಸಮೀಕ್ಷೆ" ಅನ್ನುವ ಮಾತು ಅರ್ಜಿಯಲ್ಲಿ ಇರಲೇಬೇಕು. ಸಮೀಕ್ಷೆಗೆ ಬರುವ ತನಕ ಬೆಳೆ ಕೀಳಬೇಡಿ. ಮತ್ತೆ ಬಿತ್ತಲೇಬೇಕಾದರೆ ಹೊಲದ ಒಂದು ಪಟ್ಟಿಯಷ್ಟು ಬೆಳೆಯನ್ನು ಹಾಗೇ ಬಿಡಿ. ಸಮೀಕ್ಷೆ ಆದ ಮೇಲೆ ವಿವರ ಕಂದಾಯ ಇಲಾಖೆಯ "ಪರಿಹಾರ" ಅನ್ನುವ ತಂತ್ರಾಂಶಕ್ಕೆ ಸೇರಬೇಕು. ಗ್ರಾಮ ಆಡಳಿತಾಧಿಕಾರಿಯ ಹತ್ತಿರ ನಿಮ್ಮ ನಂಬರ್ ಸೇರಿದೆಯಾ ಅಂತ ಒಮ್ಮೆ ಕೇಳಿ.

ಕಳೆ ಮತ್ತು ಬಸವನಹುಳು

ಕಾಂಗ್ರೆಸ್ ಕಸಕ್ಕೆ ದುಡ್ಡು ಕೇಳುವವರಿಗೆ ಒಳ್ಳೆ ಸುದ್ದಿ ಕಡಿಮೆ. 1968ರ ಕರ್ನಾಟಕ ಕೃಷಿ ಪೀಡೆಗಳು ಮತ್ತು ರೋಗಗಳ ಕಾಯ್ದೆ ಕಳೆ ತೆಗೆಯುವ ಹೊಣೆಯನ್ನು ಜಮೀನಿನವನ ಮೇಲೇ ಹಾಕುತ್ತದೆ, ಖರ್ಚು ಕೊಡುವುದಿಲ್ಲ. ಕಳೆನಾಶಕಕ್ಕೆ ಆಹಾರ ಭದ್ರತಾ ಮಿಷನ್‌ನ ಅದೇ ಅರ್ಧ ಬೆಲೆ, ಹೆಕ್ಟೇರಿಗೆ ₹500ರ ಲೆಕ್ಕ. ಮೆಕ್ಸಿಕೊದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜೈಗೋಗ್ರಾಮ ಜೀರುಂಡೆ ಮಳೆಗಾಲದಲ್ಲಿ ಎಲೆಯನ್ನೆಲ್ಲ ತಿಂದು ಹಾಕುತ್ತದೆ. ಬದುವಿನ ಕಸದಲ್ಲಿ ಅದು ಕಂಡರೆ ಅಲ್ಲಿಗೆ ಔಷಧಿ ಹೊಡೆಯಬೇಡಿ.

ಆಫ್ರಿಕನ್ ಬಸವನಹುಳುವಿಗೆ ಮೆಟಾಲ್ಡಿಹೈಡ್ ಶೇ 2.5ರ ಗುಳಿಗೆಯನ್ನು ತೋಟಗಾರಿಕೆ ಕಚೇರಿಯಲ್ಲಿ, ಕಾಫಿ ತೋಟದವರು ಮಂಡಳಿಯ ಕಚೇರಿಯಲ್ಲಿ ಕೇಳಿ ನೋಡಿ. ಸಿಕ್ಕರೂ ಅದೊಂದರಿಂದ ಆಗುವುದಿಲ್ಲ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ, ಕೋಸಿನ ಎಲೆ ಹಾಕಿಟ್ಟು ಬೆಳಗ್ಗೆ ಆರಿಸಿ ಉಪ್ಪು ನೀರಿಗೆ ಹಾಕುವುದೇ ನಿಜವಾದ ಕೆಲಸ. ಬರಿಗೈಯಲ್ಲಿ ಮುಟ್ಟಬೇಡಿ, ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಪರಾವಲಂಬಿ ಹುಳು ಅದರಲ್ಲಿ ಇರಬಹುದು.

ಅರ್ಜಿ ಕೊಟ್ಟ ಮೇಲೆ

ಯಾವ ಅರ್ಜಿ ಕೊಟ್ಟರೂ ಸ್ವೀಕೃತಿ ತೆಗೆದುಕೊಳ್ಳಿ. ಆನ್‌ಲೈನ್ ಆದರೆ ಅರ್ಜಿ ಸಂಖ್ಯೆ, ಕಾಗದದಲ್ಲಾದರೆ ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ತಾರೀಖು. "ಸಬ್ಸಿಡಿ ಮಾಡಿಸಿಕೊಡುತ್ತೇನೆ, ಒಟಿಪಿ ಹೇಳಿ" ಅಂತ ಫೋನ್ ಬಂದರೆ ಇಟ್ಟುಬಿಡಿ. ಇಲಾಖೆಯವರು ಒಟಿಪಿ ಕೇಳಬೇಕಾದರೆ ನೀವು ಕಚೇರಿಯಲ್ಲಿ ಎದುರಿಗೇ ಕೂತಿರುತ್ತೀರಿ.

ವಿಮೆಯ ತಕರಾರಿಗೆ ಕೇಂದ್ರದ ಸಹಾಯವಾಣಿ 14447. ಬೆಳೆ, ಕೀಟದ ಸಲಹೆಗೆ ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಲ್ಲೇ ಮಾತಾಡುತ್ತಾರೆ. ಅರ್ಜಿ ತಿರಸ್ಕಾರ ಆದರೆ ಕಾರಣ ಬರಹದಲ್ಲಿ ಕೇಳಿ. ಬಾಯಲ್ಲಿ "ಬರಲ್ಲ" ಅಂದದ್ದಕ್ಕೆ ಮೇಲ್ಮನವಿ ಹಾಕಲು ಬರುವುದಿಲ್ಲ. ತಿಂಗಳು ಕಳೆದರೂ ಉತ್ತರ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ₹10 ಕಟ್ಟಿ ಮೂರು ಪ್ರಶ್ನೆ ಕೇಳಿ: ನನ್ನ ಅರ್ಜಿ ಈಗ ಯಾರ ಟೇಬಲ್ಲಿನಲ್ಲಿದೆ, ಈ ವರ್ಷ ಈ ಬಾಬ್ತಿಗೆ ತಾಲೂಕಿಗೆ ಎಷ್ಟು ಅನುದಾನ ಬಂದಿದೆ, ಅದರಲ್ಲಿ ಎಷ್ಟು ಖರ್ಚಾಗಿದೆ. 30 ದಿನದೊಳಗೆ ಉತ್ತರ ಕೊಡಬೇಕು. ಎರಡನೇ ಪ್ರಶ್ನೆಗೂ ಮೂರನೇ ಪ್ರಶ್ನೆಗೂ ಬಂದ ಉತ್ತರದ ನಡುವೆ ವ್ಯತ್ಯಾಸ ಇದ್ದರೆ, ಅನುದಾನ ಇನ್ನೂ ಉಳಿದಿದೆ ಅಂತ ಅರ್ಥ. ಆ ಹಾಳೆಯನ್ನೇ ಲಗತ್ತಿಸಿ ಜಂಟಿ ಕೃಷಿ ನಿರ್ದೇಶಕರಿಗೆ ಮತ್ತೊಂದು ಅರ್ಜಿ ಕೊಡಿ.